ತುಳಸಿಯ ಕುಟುಂಬದಲ್ಲೊಂದು ಮರ ಹತ್ತುವ ಬಳ್ಳಿ

ತುಳಸಿ, ಪುದೀನ, ತುಂಬೆಗಳ ಕುಟುಂಬಕ್ಕೆ ಸೇರಿಯೂ ಅವುಗಳಲ್ಲಿ ಒಂದನ್ನೂ ಹೋಲದ ಬಳ್ಳಿಯೊಂದು ದಕ್ಷಿಣ ಭಾರತದ ಒಣ ಕಾಡುಗಳಲ್ಲಿ ಬೆಳೆಯುತ್ತದೆ. ಸಸ್ಯವಿಜ್ಞಾನದಲ್ಲಿ ಅದರ ಹೆಸರು ಸಿಂಫೊರೆಮ ಇನ್‌ವಾಲುಕ್ರೇಟಮ್. ಕಾಂಡ ಮರದಷ್ಟೇ ಗಟ್ಟಿ. ಪಕ್ಕದ ಮರವನ್ನು ಆಸರೆ ಮಾಡಿಕೊಂಡು ನೆತ್ತಿಯವರೆಗೂ ಏರಿ, ಬಿಸಿಲು ಸಿಕ್ಕಲ್ಲಿ ಹರಡಿಕೊಳ್ಳುವುದು ಅದರ ಕ್ರಮ. ಮುಟ್ಟಿದರೆ ತುಳಸಿಯ ಘಮವಿಲ್ಲ, ಹೂವಿನಲ್ಲಿ ತುಂಬೆಯ ತುಟಿಯಿಲ್ಲ. ವರ್ಷದ ಬಹುಭಾಗ ಅದು ಮರದ ಎಲೆಗಳ ನಡುವೆ ಇನ್ನೊಂದಿಷ್ಟು ಎಲೆಯಾಗಿ ಕಣ್ಣು ತಪ್ಪಿಸಿಕೊಂಡಿರುತ್ತದೆ. ಬೇಸಿಗೆಯ ಆರಂಭದ ಕೆಲವು ವಾರ ಮಾತ್ರ ತನ್ನ ಗುರುತು ಕೊಡುತ್ತದೆ.

ಈ ಬಳ್ಳಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವನು ವಿಲಿಯಂ ರಾಕ್ಸ್‌ಬರ್ಗ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಬಂದು, ಈಗಿನ ಆಂಧ್ರದ ಸಾಮರ್ಲಕೋಟೆಯಲ್ಲಿ ಸಸ್ಯತೋಟ ನಡೆಸಿದವನು. ಆ ಸೀಮೆಯ ಗಿಡಗಳನ್ನು ಸ್ಥಳೀಯ ಚಿತ್ರಕಾರರಿಂದ ಬರೆಸಿ, ವಿವರಣೆಯೊಂದಿಗೆ ಲಂಡನ್ನಿಗೆ ಕಳುಹಿಸುತ್ತಿದ್ದ. ಅವು 1795ರಿಂದ 1820ರವರೆಗೆ ಕೋರಮಂಡಲ ಕರಾವಳಿಯ ಸಸ್ಯಗಳು ಎಂಬ ಅರ್ಥದ ಹೆಸರಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾದವು. ಸಿಂಫೊರೆಮ ಇರುವುದು ಎರಡನೆಯ ಸಂಪುಟದಲ್ಲಿ. ಆ ಚಿತ್ರಗಳ ಕೆಳಗೆ ಬರೆದವರ ಹೆಸರಿಲ್ಲ ಎಂಬುದು ಬೇರೆ ಮಾತು. ಗಿಡದ ಹೆಸರಿನ ಮುಂದೆ ರಾಕ್ಸ್‌ಬರ್ಗನ ಹೆಸರು ಶಾಶ್ವತವಾಯಿತು, ಕುಂಚ ಹಿಡಿದವರದು ಎಲ್ಲಿಯೂ ಉಳಿಯಲಿಲ್ಲ.

ಬಳ್ಳಿಯನ್ನು ಹತ್ತಿರದಿಂದ ನೋಡುವುದಾದರೆ ಮೊದಲು ಎಲೆ. ಗೆಣ್ಣಿಗೆ ಎರಡರಂತೆ, ಒಂದಕ್ಕೊಂದು ಎದುರುಬದುರಾಗಿ ಹೊರಡುತ್ತವೆ. ಅಂಗೈಗಿಂತ ತುಸು ಚಿಕ್ಕವು, ಅಂಚಿನಲ್ಲಿ ಒರಟು ಹಲ್ಲುಗಳು. ಎಳೆಯ ಎಲೆಯನ್ನು ಭೂತಗನ್ನಡಿಯ ಕೆಳಗಿಟ್ಟರೆ ಮೈಮೇಲಿನ ರೋಮಗಳು ಒಂಟಿ ಕಡ್ಡಿಗಳಾಗಿ ನಿಂತಿರುವುದಿಲ್ಲ. ಒಂದೇ ಬುಡದಿಂದ ನಾಲ್ಕಾರು ಕವಲಾಗಿ ನಕ್ಷತ್ರದಂತೆ ಹರಡಿರುತ್ತವೆ. ಕಾಂಡದಲ್ಲಿ ಮುಳ್ಳಿಲ್ಲ, ಕೊಕ್ಕೆಯಿಲ್ಲ, ಹೀರೆ ಬಳ್ಳಿಗಿರುವಂಥ ಸುರುಳಿ ತಂತುವೂ ಇಲ್ಲ. ಉದ್ದುದ್ದ ಕೊಂಬೆಗಳನ್ನು ಚಾಚಿ, ಮರದ ಕವಲುಗಳ ನಡುವೆ ತೂರಿ, ಅಲ್ಲಿಂದ ಮೇಲಕ್ಕೆ ಒರಗಿಕೊಂಡು ಹೋಗುತ್ತದೆ.

ನಿಜವಾದ ವಿಶೇಷ ಇರುವುದು ಹೂಗೊಂಚಲಿನಲ್ಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಎಲೆಯೆಲ್ಲ ಉದುರಿ ಕೊಂಬೆ ಬೋಳಾದ ಹೊತ್ತಿನಲ್ಲಿ, ತೊಟ್ಟಿನ ತುದಿಯಲ್ಲಿ ಪುಟ್ಟ ಗುಂಪುಗಳು ಬಿಡುತ್ತವೆ. ಪ್ರತಿ ಗುಂಪಿನ ಸುತ್ತ ಆರು ಎಸಳುಗಳ ಒಂದು ಬಳಸು. ದಾರಿಹೋಕರು ಇವನ್ನೇ ದಳ ಎಂದುಕೊಳ್ಳುತ್ತಾರೆ. ಆದರೆ ಇವು ಹೂವಿನ ಭಾಗವಲ್ಲ, ಹೂಗೊಂಚಲನ್ನು ಹೊತ್ತು ನಿಂತ ಎಲೆಗಳು. ಸಸ್ಯಶಾಸ್ತ್ರದ ಪಠ್ಯಗಳಲ್ಲಿ ಇವಕ್ಕೆ ಪುಷ್ಪಪತ್ರ ಎಂದು ಹೆಸರು. ಬುಡದಲ್ಲಿ ಕಿರಿದು, ತುದಿಗೆ ಹೋಗುತ್ತ ಅಗಲ; ಮೈತುಂಬ ಬಲೆಯಂಥ ನರಗಳು. ಈ ಆರರ ನಡುವೆ ಏಳು ಬಿಳಿ ಹೂಗಳು ಒತ್ತಾಗಿ ಕೂತಿರುತ್ತವೆ. ಒಂದೊಂದು ಹೂವೂ ಚಿಕ್ಕದೇ. ಕೊಳವೆಯಾಕಾರದ ದಳಪುಂಜ ಮೇಲೆ ಆರರಿಂದ ಎಂಟು ಸೀಳುಗಳಾಗಿ ತೆರೆದುಕೊಳ್ಳುತ್ತದೆ. ಸೀಳು ಎಷ್ಟೋ ಕೇಸರಗಳೂ ಸುಮಾರಾಗಿ ಅಷ್ಟೇ, ಮತ್ತು ಅವು ಹೂವಿನಿಂದ ಹೊರಕ್ಕೆ ಚಾಚಿರುತ್ತವೆ.

ಹೂ ಬಾಡಿದ ಮೇಲೆ ಈ ಆರು ಎಲೆಗಳ ಎರಡನೆಯ ಕೆಲಸ ಶುರು. ಅವು ಬೆಳೆದು ಉದ್ದವಾಗಿ, ನೀರು ಬತ್ತಿ, ಕಾಗದದಂತೆ ತೆಳುವಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಏಳು ಹೂಗಳಲ್ಲಿ ಎಲ್ಲವೂ ಕಾಯಿ ಕಟ್ಟುವುದಿಲ್ಲ. ಕಟ್ಟಿದ ಕಾಯಿಯಲ್ಲಿ ಒಂದೇ ಬೀಜ, ಅದೂ ಒಣಗಿದ ಪುಷ್ಪಪಾತ್ರೆಯೊಳಗೆ, ಅಂದರೆ ಹೂವಿನ ಬುಡದ ಬಟ್ಟಲಿನೊಳಗೆ, ಅಡಗಿರುತ್ತದೆ. ಗೊಂಚಲು ಕಳಚಿ ಬಿದ್ದಾಗ ಆರು ರೆಕ್ಕೆಗಳೂ ಗಾಳಿಗೆ ಸಿಕ್ಕಿ, ಅದು ಜಾತ್ರೆಯ ಗಿರಗಿಟ್ಲೆಯ ಹಾಗೆ ತಿರುಗುತ್ತ ತಾಯಿಬಳ್ಳಿಯಿಂದ ದೂರ ಹೋಗುತ್ತದೆ.

ಇಂಥ ಗಿಡವನ್ನು ತುಳಸಿಯ ಕುಟುಂಬಕ್ಕೆ ಸೇರಿಸಿದ್ದು ಹೇಗೆ ಎಂಬ ಪ್ರಶ್ನೆ ಸಹಜ. ಈ ಕುಟುಂಬದ ಹೆಸರು ಲೇಮಿಯೇಸಿ. ಶಾಲೆಯ ಪಾಠದಲ್ಲಿ ಇದರ ಲಕ್ಷಣ ಕಲಿಸುವಾಗ ತುಳಸಿಯ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಲು ಹೇಳುತ್ತಾರೆ. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಗುತ್ತದೆ. ಎಲೆಗಳು ಎದುರುಬದುರು. ಹೂವಿಗೆ ಮೇಲ್ತುಟಿ, ಕೆಳತುಟಿ ಎಂದು ಎರಡು ಭಾಗ. ಶಿವರಾತ್ರಿಗೆ ಕೊಯ್ದು ತರುವ ತುಂಬೆ ಹೂವಿನಲ್ಲಿ ಬಿಳಿಯಾಗಿ ಹರಡಿಕೊಂಡು ಕಾಣುವುದು ಈ ಕೆಳತುಟಿಯೇ. ನಾಲ್ಕು ಕೇಸರ, ಕೊನೆಗೆ ನಾಲ್ಕು ಪುಟ್ಟ ಕಾಳು. ಕಾಮಕಸ್ತೂರಿಯ ಬೀಜವೆಂದು ನೀರಿಗೆ ಹಾಕುವುದು ಈ ಕಾಳುಗಳನ್ನೇ.

ಸಿಂಫೊರೆಮದಲ್ಲಿ ಇವುಗಳಲ್ಲಿ ಎದುರುಬದುರು ಎಲೆಯೊಂದನ್ನು ಬಿಟ್ಟರೆ ಮಿಕ್ಕ ಲೆಕ್ಕ ಬಹುಮಟ್ಟಿಗೆ ತಪ್ಪುತ್ತದೆ. ತುಟಿಗಳಿಲ್ಲ, ಕೇಸರ ನಾಲ್ಕಲ್ಲ, ಕಾಳು ನಾಲ್ಕಲ್ಲ. ಆದ್ದರಿಂದಲೇ ಹಳೆಯ ಪುಸ್ತಕಗಳಲ್ಲಿ ಇದು ವರ್ಬಿನೇಸಿ ಎಂಬ ನೆರೆಯ ಕುಟುಂಬದಲ್ಲಿತ್ತು. ಅಮೆರಿಕದ ಸಸ್ಯವಿಜ್ಞಾನಿ ಹೆರಾಲ್ಡ್ ಮೋಲ್ಡೆಂಕೆ ಅದೂ ಸರಿಯಿಲ್ಲವೆಂದು ಇದಕ್ಕೂ ಇದರ ಹತ್ತಿರದ ನಂಟರಿಗೂ ಪ್ರತ್ಯೇಕ ಕುಟುಂಬದ ಸ್ಥಾನವನ್ನೇ ಕೊಟ್ಟಿದ್ದರು.

ಎರಡು ಕುಟುಂಬಗಳ ನಡುವಿನ ಹಳೆಯ ಗೆರೆ ಮುಖ್ಯವಾಗಿ ಒಂದೇ ಗುಣದ ಮೇಲೆ ನಿಂತಿತ್ತು. ತುಳಸಿಯಲ್ಲಿ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಅಂಡಾಶಯದ ನಾಲ್ಕು ಹೋಳುಗಳ ನಡುವಿನಿಂದ, ಬುಡದಿಂದಲೇ ಏಳುತ್ತದೆ. ತೇಗ, ಲಕ್ಕಿಗಳಲ್ಲಿ ಅಂಡಾಶಯದ ನೆತ್ತಿಯಿಂದ. ಬುಡದಿಂದ ಎದ್ದರೆ ಪುದೀನದ ಕುಟುಂಬ, ನೆತ್ತಿಯಿಂದ ಎದ್ದರೆ ವರ್ಬಿನೇಸಿ ಎಂದು ನೂರಾರು ವರ್ಷ ನಡೆಯಿತು. ಈ ವಿಂಗಡಣೆ ನಿಜವಾದ ನಂಟಸ್ತಿಕೆಯನ್ನು ಹೇಳುವುದಿಲ್ಲವೆಂದು ಸಸ್ಯವಿಜ್ಞಾನಿ ಫಿಲಿಪ್ ಕ್ಯಾಂಟಿನೊ 1992ರಲ್ಲಿ ವಿವರವಾಗಿ ತೋರಿಸಿದರು. ಡಿಎನ್‌ಎ ಹೋಲಿಕೆಗಳು ಅದನ್ನು ಗಟ್ಟಿ ಮಾಡಿದವು. ಅಲ್ಲಿಂದ ಮುಂದೆ ತೇಗ, ಲಕ್ಕಿ, ಶಿವನೆ, ಗಂಟುಬಾರಂಗಿ ಎಲ್ಲವೂ ತುಳಸಿಯ ಮನೆಗೆ ಬಂದವು. ಲಂಟಾನದಂಥವು ವರ್ಬಿನೇಸಿಯಲ್ಲೇ ಉಳಿದವು. ರೇಮಂಡ್ ಹಾರ್ಲೆ ಮತ್ತು ಸಂಗಡಿಗರು 2004ರಲ್ಲಿ ಲೆಕ್ಕ ಹಾಕಿದಾಗ ಲೇಮಿಯೇಸಿಯಲ್ಲಿ 236 ಕುಲಗಳು, 7000ಕ್ಕೂ ಮಿಕ್ಕಿದ ಜಾತಿಗಳು ಸೇರಿದವು. 2017ರ ಪರಿಷ್ಕರಣೆಯಲ್ಲಿ ಈ ದೊಡ್ಡ ಮನೆಯೊಳಗೆ 12 ಉಪಕುಟುಂಬಗಳಾದವು. ತೇಗಕ್ಕೆ ಅದರದೇ ಒಂದು, ಸಿಂಫೊರೆಮದ ಗುಂಪಿಗೂ ಅದರದೇ ಒಂದು.

ಆ ವಂಶವೃಕ್ಷದಲ್ಲಿ ಸಿಂಫೊರೆಮಕ್ಕೆ ತೀರ ಪಕ್ಕದ ಕವಲು ಲಕ್ಕಿಯದು. ಹೊಲದ ಬೇಲಿಯಲ್ಲಿ ಬೆಳೆದು, ನೆಗಡಿಯಾದಾಗ ಹಬೆ ತೆಗೆದುಕೊಳ್ಳಲು ಒದಗುವ ಅದೇ ಲಕ್ಕಿ. ಹೂವನ್ನಷ್ಟೇ ನೋಡುವವರಿಗೆ ಈ ನಂಟು ನಂಬಲಾಗದು. ಸಸ್ಯಗಳ ವಿಷಯದಲ್ಲಿ ಕಣ್ಣು ಮೊದಲ ಸಾಕ್ಷಿಯೇ ಹೊರತು ಕೊನೆಯ ಸಾಕ್ಷಿಯಲ್ಲ.

ಸಿಂಫೊರೆಮ ಕುಲದಲ್ಲಿ ಇರುವುದೇ ಮೂರು ಜಾತಿ. ಒಂದು ಫಿಲಿಪ್ಪೀನ್ಸಿನದು. ಇನ್ನೊಂದು, ರಾಬರ್ಟ್ ವೈಟ್ ಹೆಸರಿಟ್ಟ ಸಿಂಫೊರೆಮ ಪಾಲಿಯಾಂಡ್ರಮ್. ಅದರ ಹೂವಿನಲ್ಲಿ ಕೇಸರಗಳು ಹತ್ತಕ್ಕೂ ಹೆಚ್ಚು. ದಕ್ಷಿಣ ಭಾರತದಲ್ಲಿ ಇನ್‌ವಾಲುಕ್ರೇಟಮ್‌ಗಿಂತ ಅದು ಇನ್ನೂ ವಿರಳ. ಹತ್ತಿರದ ನಂಟರಾಗಿ ಇನ್ನೆರಡು ಕುಲಗಳಿವೆ. ಸ್ಫೀನೊಡೆಸ್ಮೆ ಮಳೆ ಹೆಚ್ಚಿರುವ ಕಾಡುಗಳದು. ಕಾಂಜಿಯ ಬರ್ಮಾ, ಥಾಯ್ಲೆಂಡ್ ಕಡೆಯದು. ಈ ಕಾಂಜಿಯವನ್ನು ಬೆಂಗಳೂರಿನ ತೋಟಗಳಲ್ಲಿ ಹೆಸರು ತಿಳಿಯದೆಯೇ ನೋಡಿದವರು ಬಹಳ ಮಂದಿ. ಚಳಿಗಾಲ ಮುಗಿಯುವ ಹೊತ್ತಿಗೆ ಚಪ್ಪರದ ತುಂಬ ತಿಳಿ ನೇರಳೆ ಬಣ್ಣದ, ಮಖಮಲ್ಲಿನಂತೆ ಮೆತ್ತಗಿರುವ ಎಸಳುಗಳನ್ನು ಹೊದ್ದು ನಿಲ್ಲುವ ಬಳ್ಳಿ ಅದು. ಅಲ್ಲಿಯೂ ಬಣ್ಣ ಹೂವಿನದಲ್ಲ, ಹೂವನ್ನು ಬಳಸಿದ ಎಲೆಗಳದು. ಮೂರೂ ಕುಲ ಸೇರಿಸಿದರೆ ಜಾತಿಗಳು ಮೂವತ್ತನ್ನು ಮುಟ್ಟುವುದಿಲ್ಲ. ಏಳು ಸಾವಿರ ಜಾತಿಗಳ ಕುಟುಂಬದಲ್ಲಿ, ಇಡೀ ಗುಂಪೇ ಮರ ಹತ್ತುವ ಬಳ್ಳಿಯಾಗಿರುವುದು ಇಲ್ಲಿ. ಬೇರೆ ಕಡೆ ಒಂದೊಂದು ಜಾತಿ ಇಲ್ಲವೇ ಕುಲ ಅಡ್ಡಾದಿಡ್ಡಿ ಚಾಚಿಕೊಂಡು ಬಳ್ಳಿಯ ಚಾಳಿ ತೋರಿಸುವುದುಂಟು. ಶಿವನೆಯ ಕುಲದ ಮುಳ್ಳು ಪೊದೆಯೊಂದು ಬಯಲುಸೀಮೆಯ ಬೇಲಿಗಳಲ್ಲಿ ಹಾಗೆ ಮಾಡುತ್ತದೆ. ಉಳಿದಂತೆ ಈ ಕುಟುಂಬದವು ಬಹುತೇಕ ನೆಲದ ಗಿಡ, ಪೊದೆ, ಅಲ್ಲೊಂದು ಇಲ್ಲೊಂದು ಮರ.

ಬಳ್ಳಿಯಾಗಿ ಬದುಕುವುದರ ಲಾಭ ನಷ್ಟಗಳ ಲೆಕ್ಕ ಒಣ ಕಾಡಿನಲ್ಲಿ ಬೇರೆಯೇ ಆಗಿರುತ್ತದೆ. ಮರ ತನ್ನ ಭಾರವನ್ನು ತಾನೇ ಹೊರಬೇಕು, ಅದಕ್ಕಾಗಿ ದಪ್ಪ ಕಾಂಡ ಕಟ್ಟಬೇಕು. ಬಳ್ಳಿಗೆ ಆ ಖರ್ಚಿಲ್ಲ. ಉಳಿದದ್ದನ್ನು ಉದ್ದಕ್ಕೆ, ಎಲೆಗೆ ಹಾಕುತ್ತದೆ. ತೆಳು ಕಾಂಡದಲ್ಲೇ ಅಷ್ಟೆತ್ತರಕ್ಕೆ ನೀರು ಏರಿಸಬೇಕಾದ್ದರಿಂದ ಬಳ್ಳಿಗಳ ನೀರಿನ ನಾಳಗಳು ಮರದವಕ್ಕಿಂತ ಅಗಲವಾಗಿರುತ್ತವೆ. ಅಗಲ ನಾಳದಲ್ಲಿ ನೀರು ಸರಾಗ, ಅಪಾಯವೂ ಅಲ್ಲೇ ಇದೆ. ನೆಲ ಒಣಗಿ ಎಳೆತ ಹೆಚ್ಚಾದಾಗ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಸೇರಿಕೊಂಡರೆ ಆ ನಾಳ ಕೆಲಸಕ್ಕೆ ಬಾರದು. ಬೇಸಿಗೆಗೆ ಮೊದಲೇ ಎಲೆ ಉದುರಿಸಿ ನೀರಿನ ಖರ್ಚು ನಿಲ್ಲಿಸುವುದು ಇಲ್ಲಿ ಉಳಿವಿನ ದಾರಿ.

ಎಲೆಯಿಲ್ಲದ ಆ ತಿಂಗಳುಗಳನ್ನು ಸಿಂಫೊರೆಮ ಸುಮ್ಮನೆ ಕಳೆಯುವುದಿಲ್ಲ. ಆಸರೆ ಕೊಟ್ಟ ಮರವೂ ಬೋಳು, ಬಳ್ಳಿಯೂ ಬೋಳು. ಬಿಳಿ ಗೊಂಚಲುಗಳು ಕೀಟಗಳಿಗೆ ದೂರದಿಂದಲೇ ಕಾಣುತ್ತವೆ. ಕಾಯಿ ಬಲಿತಾಗ ಗಾಳಿಗೆ ಎಲೆಗಳ ಅಡ್ಡಿಯಿಲ್ಲ. ಮುಂಗಾರಿಗೆ ಮೊದಲು ಬೀಸುವ ಗಾಳಿಯಲ್ಲಿ ಬೀಜ ಹಾರಿ ನೆಲ ಸೇರಿದರೆ, ಹಿಂದೆಯೇ ಮಳೆ. ಮತ್ತಿ, ದಿಂಡಿಗ, ಹೊನ್ನೆ ಮುಂತಾದ ಒಣ ಕಾಡಿನ ಮರಗಳ ಕಾಯಿಗಳಿಗೂ ರೆಕ್ಕೆಗಳಿರುವುದು ಇದೇ ಲೆಕ್ಕದಲ್ಲಿ. ವ್ಯತ್ಯಾಸವೆಂದರೆ ಅವುಗಳಲ್ಲಿ ರೆಕ್ಕೆಯಾಗಿರುವುದು ಕಾಯಿಯ ಮೈಯೇ, ಸಿಂಫೊರೆಮದಲ್ಲಿ ಇಡೀ ಗೊಂಚಲನ್ನು ಹೊತ್ತ ಎಲೆಗಳು.

ಈ ಬಳ್ಳಿಗೆ ಬೇಕಾದ ನೆಲ ಎಂಥದು ಎಂಬುದನ್ನು ತಿಳಿಯಲು ಹಾಸನ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಒಮ್ಮೆ ದಾಟಿದರೆ ಸಾಕು. ಅರಸೀಕೆರೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ತೆಂಗು, ರಾಗಿ, ಜಾಲಿ ಮರಗಳ ಬಯಲುಸೀಮೆ. ಹಿರೇಕಲ್ಲು ಗುಡ್ಡ, ಮಾಲೇಕಲ್ಲು ತಿರುಪತಿ ಬೆಟ್ಟಗಳ ಸಾಲಿನಲ್ಲಿ ಬಂಡೆ, ಕುರುಚಲು, ಕರಡಿಗಳ ಗುಹೆ. ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬರುವಾಗ ಕೆರೆಗಳು ಹೆಚ್ಚುತ್ತವೆ, ನೆಲ ತುಸು ಹಸಿರಾಗುತ್ತದೆ. ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ಬೇಲೂರಿನಿಂದ ಪಶ್ಚಿಮಕ್ಕೆ, ಅರೇಹಳ್ಳಿಯ ಕಡೆ ತಿರುಗಿದರೆ ಕಾಫಿ ತೋಟಗಳ ನೆರಳು ಶುರು. ಇನ್ನೂ ಮುಂದೆ ಸಕಲೇಶಪುರದಲ್ಲಿ ಮಳೆ 2000 ಮಿಲಿಮೀಟರ್ ದಾಟುತ್ತದೆ. ಅರ್ಧ ದಿನದ ಬಸ್ ಪ್ರಯಾಣದೊಳಗೆ ಒಣ ಕುರುಚಲಿನಿಂದ ಸದಾ ಹಸಿರಿನ ಕಾಡಿನವರೆಗೆ ಎಲ್ಲ ಮೆಟ್ಟಿಲುಗಳೂ ಸಿಗುವ ಜಿಲ್ಲೆ ಇದು. ಸಿಂಫೊರೆಮ ಈ ಮೆಟ್ಟಿಲುಗಳಲ್ಲಿ ಕೆಳಗಿನದಕ್ಕೆ, ಎಲೆ ಉದುರುವ ಒಣ ಕಾಡಿಗೆ ಹೊಂದಿಕೊಂಡ ಜಾತಿ. ದಿಂಡಿಗ, ಕಗ್ಗಲಿ, ತುಪ್ರ, ಮುತ್ತುಗಗಳ ಸಂಗಡ ಹುಡುಕಬೇಕಾದ್ದು. ಸ್ಫೀನೊಡೆಸ್ಮೆಗೆ ಸಕಲೇಶಪುರದ ಕಡೆಯ ತಂಪು ಬೇಕು.

ಇದೇ ವೈವಿಧ್ಯ ನೋಡಿಯೇ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ಯೂಟ್ ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನ್ಹ ಹಾಸನವನ್ನು ಆರಿಸಿಕೊಂಡದ್ದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಜೊತೆಗೂಡಿ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂತು. ಒಂದು ಜಿಲ್ಲೆಯ ಗಿಡಗಳನ್ನು ಹಳೆಯ ಪುಸ್ತಕಗಳಿಂದ ಎತ್ತಿ ಬರೆಯದೆ, ಊರೂರು ಅಲೆದು ಕೊಯ್ದು ತಂದ ಮಾದರಿಗಳನ್ನು ಮುಂದಿಟ್ಟುಕೊಂಡು ಬರೆದ ಪುಸ್ತಕ ಅದು. ದಕ್ಷಿಣ ಭಾರತದಲ್ಲಿ ಆಮೇಲೆ ಬಂದ ಜಿಲ್ಲಾ ಸಸ್ಯಗ್ರಂಥಗಳು ಅದರ ಅಳತೆಗೋಲನ್ನೇ ಹಿಡಿದವು. ಹಾಸನಕ್ಕೆ ಬರುವವರು ಹೊಯ್ಸಳರ ಗುಡಿಗಳ ಮಾತಾಡುತ್ತಾರೆಯೇ ವಿನಾ ಈ ಪುಸ್ತಕದ ಮಾತೆತ್ತುವುದಿಲ್ಲ. ಜಿಲ್ಲೆಯ ಹೆಸರನ್ನು ಜಗತ್ತಿನ ಸಸ್ಯಾಲಯಗಳಿಗೆಲ್ಲ ಮುಟ್ಟಿಸಿದ್ದು ಮಾತ್ರ ಅದೇ. ಆ ಕೆಲಸದಲ್ಲಿ ದುಡಿದ ಟಿ.ಪಿ. ರಾಮಮೂರ್ತಿ ಮುಂದೆ ಮೆಕ್ಸಿಕೊಗೆ ಹೋಗಿ, ತುಳಸಿ ಕುಟುಂಬದ್ದೇ ಆದ ಸಾಲ್ವಿಯ ಕುಲದ ತಜ್ಞರಾದರು. ಕಾಲೇಜಿನ ಆ ಸಂಗ್ರಹಕ್ಕೆ ಸಸ್ಯಾಲಯಗಳ ಲೋಕದಲ್ಲಿ ಜೆಸಿಬಿ ಎಂಬ ಸಂಕೇತ. ಈಗ ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

1976ರ ಆ ಪುಸ್ತಕದ ಕಾಲಕ್ಕೆ ತೇಗವೂ ಲಕ್ಕಿಯೂ ವರ್ಬಿನೇಸಿಯಲ್ಲಿದ್ದವು. ಇವತ್ತು ಅದನ್ನು ತೆರೆದು ತುಳಸಿಯ ಕುಟುಂಬದ ಬಳ್ಳಿ ಹುಡುಕುವವರು ಎರಡು ಕಡೆ ನೋಡಬೇಕು.

ಗುಡಿಗಳ ಮಾತು ಬಂದದ್ದರಿಂದ ಒಂದು ವಿಷಯ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ತಲೆಯ ಮೇಲೆ ಎಲೆಬಳ್ಳಿಗಳ ಜಾಲರಿ ಕೊಡೆಯಂತೆ ಬಾಗಿದೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಸಾಲಿನ ನಡುವೆ ಸುರುಳಿ ಸುರುಳಿಯಾಗಿ ಬಳ್ಳಿ ಓಡುತ್ತದೆ. ಆ ಬಳ್ಳಿಗಳಲ್ಲಿ ಕಾಡಿನ ಯಾವುದೋ ಜಾತಿಯನ್ನು ಗುರುತಿಸಲು ಹೊರಡುವ ಉತ್ಸಾಹಿಗಳಿದ್ದಾರೆ. ಅದು ವ್ಯರ್ಥ ಶ್ರಮ. ಬಳಪದ ಕಲ್ಲಿನಲ್ಲಿ ಶಿಲ್ಪಿಗಳು ಬಿಡಿಸಿದ್ದು ಪರಂಪರೆಯಿಂದ ಬಂದ ಲತೆಯ ವಿನ್ಯಾಸವನ್ನು. ಎಲೆ ಎದುರುಬದುರೋ ಪರ್ಯಾಯವೋ ಎಂಬ ಚಿಂತೆ ಅವರಿಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಸಿಂಫೊರೆಮವನ್ನು ಅಪರೂಪ ಎನ್ನುವಾಗ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕು. ಡೆಬೊರಾ ರಬಿನೊವಿಟ್ಸ್ ಎಂಬ ಅಮೆರಿಕದ ಪರಿಸರವಿಜ್ಞಾನಿ 1981ರಲ್ಲಿ ಇದಕ್ಕೊಂದು ಸರಳ ದಾರಿ ಹಾಕಿಕೊಟ್ಟರು. ಒಂದು ಜಾತಿಯ ಬಗ್ಗೆ ಮೂರು ಪ್ರಶ್ನೆ ಕೇಳಿ: ಎಷ್ಟು ದೊಡ್ಡ ಸೀಮೆಯಲ್ಲಿ ಹರಡಿದೆ, ಎಷ್ಟು ಬಗೆಯ ನೆಲದಲ್ಲಿ ಬೆಳೆಯುತ್ತದೆ, ಬೆಳೆದ ಕಡೆ ಎಷ್ಟು ಸಂಖ್ಯೆಯಲ್ಲಿದೆ. ಮೂರಕ್ಕೂ ಒಳ್ಳೆಯ ಉತ್ತರ ಬಂದರೆ ಅದು ಸಾಮಾನ್ಯ ಗಿಡ, ತುಂಬೆಯ ಹಾಗೆ. ಒಂದರಲ್ಲಾದರೂ ಹಿಂದೆ ಬಿದ್ದರೆ ಅಪರೂಪ, ಹೀಗೆ ಅಪರೂಪದಲ್ಲಿ ಏಳು ಬಗೆ. ಸಿಂಫೊರೆಮದ ಸೀಮೆ ದೊಡ್ಡದು. ಭಾರತ, ಶ್ರೀಲಂಕಾ, ಬರ್ಮಾದ ಆಚೆಗೂ ಅದಿದೆ. ಅದು ಹಿಂದೆ ಬೀಳುವುದು ಉಳಿದ ಎರಡು ಪ್ರಶ್ನೆಗಳಲ್ಲಿ. ಒಂದೇ ಬಗೆಯ ಕಾಡು ಬೇಕು, ಅಲ್ಲಿಯೂ ಚದುರಿದಂತೆ ಇರುತ್ತದೆ. ಜಗತ್ತಿನ ಲೆಕ್ಕದಲ್ಲಿ ಅಳಿವಿನಂಚಿನದಲ್ಲ, ಒಂದು ತಾಲ್ಲೂಕಿನ ಲೆಕ್ಕದಲ್ಲಿ ಒಂದೆರಡು ಗುಡ್ಡ ಕೈಬಿಟ್ಟರೆ ಮುಗಿಯಿತು.

ಮೂರು ಪ್ರಶ್ನೆಗಳಲ್ಲೂ ಸೋಲುವ ಉದಾಹರಣೆಯೂ ಇದೇ ಕುಟುಂಬದಲ್ಲಿದೆ, ದೂರದ ಹವಾಯಿ ದ್ವೀಪಗಳಲ್ಲಿ. ಅಲ್ಲಿನ ಸ್ಟೆನೊಜೈನ್ ಕುಲದ ಇಪ್ಪತ್ತರಷ್ಟು ಜಾತಿಗಳಲ್ಲಿ ಹೆಚ್ಚಿನವು ನೆಲದ ಮೇಲೆ ಹರಿದು ಪೊದೆಗಳಿಗೆ ಹಬ್ಬುವ ಬಳ್ಳಿಗಳು. ಉತ್ತರ ಅಮೆರಿಕದಿಂದ ಹೇಗೋ ಸಾಗರ ದಾಟಿ ಬಂದ ಮೂಲಗಿಡವೊಂದರಿಂದ ಇವೂ ಇವುಗಳ ಸೋದರ ಕುಲಗಳೂ ಕವಲೊಡೆದವು. ಮೇಯುವ ಸಸ್ತನಿಗಳೇ ಇಲ್ಲದ ದ್ವೀಪದಲ್ಲಿ ಪುದೀನದ ಕಟು ವಾಸನೆಯ ಅಗತ್ಯ ಬೀಳಲಿಲ್ಲ, ಅದು ಬಹುಮಟ್ಟಿಗೆ ಮಾಯವಾಯಿತು. ನಾಲ್ಕು ಒಣ ಕಾಳುಗಳ ಬದಲು ಹಕ್ಕಿಗಳು ತಿನ್ನುವ ತಿರುಳುಳ್ಳ ಹಣ್ಣು ಬಂತು. ಆಮೇಲೆ ಮನುಷ್ಯರ ಹಿಂದೆ ಹಂದಿ, ಆಡುಗಳು ಬಂದವು. ವಾಸನೆಯ ರಕ್ಷೆ ಕಳೆದುಕೊಂಡ ಗಿಡಗಳು ಅವಕ್ಕೆ ಸುಲಭದ ಮೇವು. ಓವಾಹು ದ್ವೀಪದ ಸ್ಟೆನೊಜೈನ್ ಕನೆಹೊಆನ 1992ರಲ್ಲಿ ಅಮೆರಿಕ ಸರ್ಕಾರದ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿತು. ಈಗ ಅದು ಉಳಿದಿರುವುದು ಬಹುಮಟ್ಟಿಗೆ ಸಸಿಮನೆಯಲ್ಲಿ ಬೆಳೆಸಿ, ಬೇಲಿಯೊಳಗೆ ಮರಳಿ ನೆಟ್ಟದ್ದರಿಂದ.

ಕರ್ನಾಟಕದ ಒಣ ಕಾಡಿನ ಬಳ್ಳಿಗಳಿಗೆ ಬಂದ ಕಷ್ಟಗಳು ಬೇರೆ. ಮೊದಲನೆಯದು ಅರಣ್ಯ ಇಲಾಖೆಗಳ ಹಳೆಯ ಕಾರ್ಯಯೋಜನೆಗಳಲ್ಲೇ ಇತ್ತು. ಮರದ ದಿಮ್ಮಿಗೆ ಬೆಲೆಯಿದ್ದ ಕಾಲದಲ್ಲಿ ಬಳ್ಳಿ ಎಂದರೆ ಮರವನ್ನು ಬಗ್ಗಿಸುವ, ಬೆಳಕು ಕದಿಯುವ ಕಳೆ. ನೆಡುತೋಪುಗಳಲ್ಲೂ ಕಾಯ್ದ ಕಾಡಿನಲ್ಲೂ ಗೊತ್ತಾದ ವರ್ಷಗಳಿಗೊಮ್ಮೆ ಬಳ್ಳಿ ಕಡಿಸುವುದು ಭಾರತದ ಅರಣ್ಯಗಾರಿಕೆಯ ನಿಯಮಿತ ಕೆಲಸವಾಗಿತ್ತು. ಜಾತಿ ಯಾವುದೆಂದು ಕೇಳುವ ಪದ್ಧತಿ ಇರಲಿಲ್ಲ. ಮಚ್ಚಿನ ಎದುರು ಎಲ್ಲ ಬಳ್ಳಿಯೂ ಒಂದೇ. ಹೀಗೆ ಕಡಿಸಿದ್ದು ತೇಗದ ಸಲುವಾಗಿಯೂ ಎಂಬುದು ಇಲ್ಲಿನ ವ್ಯಂಗ್ಯ. ತೇಗವೂ ಸಿಂಫೊರೆಮವೂ ಒಂದೇ ಮನೆಯವು.

ಎರಡನೆಯದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದದ್ದು, ಇವತ್ತು ಒಣ ಕಾಡುಗಳ ನೆಲವನ್ನೇ ಮುಚ್ಚಿದೆ. ಬಳ್ಳಿಯ ಬೀಜ ಮೊಳೆಯಬೇಕಾದ ಜಾಗದಲ್ಲಿ ನೆರಳು. ಬೆಂಕಿ ಬಿದ್ದಾಗ ಹುಲ್ಲಿನ ಮಟ್ಟದಲ್ಲೇ ಹಾದುಹೋಗಬೇಕಾದ ಜ್ವಾಲೆ ಲಂಟಾನದ ಒಣ ಕಡ್ಡಿಗಳನ್ನು ಹಿಡಿದು ಮರದ ಕೊಂಬೆಯವರೆಗೆ ಏರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಇರುವುದು ಬಳ್ಳಿಯ ಒಣಗಿದ ಗೊಂಚಲುಗಳೇ.

ಮೂರನೆಯದು ಕುರುಚಲು ಕಾಡಿನ ಬಗೆಗಿನ ಅಸಡ್ಡೆ. ಮಲೆನಾಡಿನ ದಟ್ಟ ಹಸಿರಿಗೆ ಸಿಗುವ ಗೌರವ ಬಯಲುಸೀಮೆಯ ಗುಡ್ಡಕ್ಕಿಲ್ಲ. ಕಡತದಲ್ಲಿ ಅದು ಬಂಜರು, ಇಲ್ಲವೇ ಗೋಮಾಳ. ಕಲ್ಲುಕ್ವಾರಿಗೆ, ನೀಲಗಿರಿ ನೆಡುತೋಪಿಗೆ, ರಸ್ತೆಗೆ ಸುಲಭವಾಗಿ ಒದಗುವ ಜಾಗ. ಅರಸೀಕೆರೆಯ ಗುಡ್ಡಗಳಿಗೆ ಈಚೆಗೆ ಒಂದಿಷ್ಟು ಗಮನ ಸಿಕ್ಕಿದ್ದರೆ ಅದು ಕರಡಿಗಳ ದೆಸೆಯಿಂದ. ಕರಡಿಯ ಹೆಸರಿನಲ್ಲಿ ಗುಡ್ಡ ಉಳಿದರೂ ಬಳ್ಳಿಗೆ ನಷ್ಟವೇನಿಲ್ಲ.

ಹುಡುಕಲು ಹೊರಡುವವರಿಗೆ ಮಾರ್ಚ್ ತಿಂಗಳು ಹೇಳಿ ಮಾಡಿಸಿದ್ದು. ಬೋಳು ಮರದ ನೆತ್ತಿಯಲ್ಲಿ ಆ ಮರದ್ದಲ್ಲದ, ಬೂದು ಬಿಳಿಯ ಗೊಂಚಲುಗಳು ಕಂಡರೆ ಮರದ ಬುಡಕ್ಕೆ ಹೋಗಿ ನೆಲ ನೋಡಬೇಕು. ಉದುರಿದ ಗೊಂಚಲು ಸಿಕ್ಕರೆ ರೆಕ್ಕೆಗಳನ್ನು ಎಣಿಸಿದರೆ ಅರ್ಧ ಕೆಲಸ ಮುಗಿದಂತೆ. ಅದೇ ಕಾಡಿನಲ್ಲಿ ರೆಕ್ಕೆಯ ಕಾಯಿ ಬಿಡುವ ಬೇರೆ ಬಳ್ಳಿಗಳೂ ಇವೆ. ಮಾಧವಿ ಲತೆಯ ಕಾಯಿಗೆ ಮೂರು ರೆಕ್ಕೆ, ಅದರಲ್ಲಿ ನಡುವಿನದು ಉದ್ದ. ಮತ್ತಿಯ ಕುಟುಂಬದ ಗೆಟೋನಿಯ ಬಳ್ಳಿಯಲ್ಲಿ ಐದು ರೆಕ್ಕೆ, ಅವು ಒಂದೊಂದು ಹೂವಿನ ಪುಷ್ಪಪಾತ್ರೆಯಿಂದಲೇ ಬಂದವು. ಮನೆಯಂಗಳದಲ್ಲಿ ಬೆಳೆಸುವ ನೀಲಿ ಹೂವಿನ ಪೆಟ್ರಿಯಕ್ಕೂ ಐದೇ; ಅದು ಅಮೆರಿಕ ಖಂಡದಿಂದ ಬಂದ, ವರ್ಬಿನೇಸಿಯಲ್ಲೇ ಉಳಿದಿರುವ ಬಳ್ಳಿ. ಆರು ರೆಕ್ಕೆ, ನಡುವೆ ಒಂದಕ್ಕಿಂತ ಹೆಚ್ಚು ಹೂವಿನ ಅವಶೇಷ ಇದ್ದರೆ ಅದು ಸಿಂಫೊರೆಮದ ಗುಂಪು. ಕೇಸರ ಎಣಿಸಲು ಅರಳಿದ ಹೂ ಸಿಕ್ಕರೆ ಜಾತಿಯೂ ತೀರ್ಮಾನವಾಗುತ್ತದೆ: ಎಂಟರೊಳಗಾದರೆ ಇನ್‌ವಾಲುಕ್ರೇಟಮ್, ಹತ್ತು ದಾಟಿದರೆ ಪಾಲಿಯಾಂಡ್ರಮ್.

ಸಸ್ಯಾಲಯಕ್ಕೆ ಮಾದರಿ ತಯಾರಿಸುವವರಿಗೆ ಈ ಬಳ್ಳಿ ಒಂದು ಫಜೀತಿ ತರುತ್ತದೆ. ಹೂ ಇದ್ದಾಗ ಬಲಿತ ಎಲೆ ಇರುವುದಿಲ್ಲ, ಎಲೆ ಬಲಿತಾಗ ಹೂ ಇರುವುದಿಲ್ಲ. ಒಂದೇ ಸಲದ ಭೇಟಿಯಲ್ಲಿ ಪೂರ್ಣ ಮಾದರಿ ಸಿಗದು. ಮಾರ್ಚಿನಲ್ಲಿ ಹೂ ಕೊಯ್ದ ಬಳ್ಳಿಗೆ ಗುರುತಿನ ತಗಡು ಕಟ್ಟಿ, ಆಸರೆ ಮರದ ಹೆಸರು, ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡು, ಮಳೆಗಾಲ ನಡುವಿಗೆ ಬಂದಾಗ ಅದೇ ಬಳ್ಳಿಯಿಂದ ಎಲೆಯ ಕೊಂಬೆ ತಂದು, ಒಂದು ಹಾಳೆಯ ಸಂಖ್ಯೆಯನ್ನು ಇನ್ನೊಂದರ ಮೇಲೂ ಕಾಣಿಸಬೇಕು. ಹಾಳೆಯ ಮೂಲೆಯ ಪುಟ್ಟ ಲಕೋಟೆಯಲ್ಲಿ ಉದುರಿದ ಗೊಂಚಲುಗಳನ್ನೂ ಹಾಕಿಡುವುದು ವಾಡಿಕೆ. ಅಂಟಿಸಿದ ಮಾದರಿಯಲ್ಲಿ ಚಪ್ಪಟೆಯಾಗಿ ಹೋಗುವ ಆರು ರೆಕ್ಕೆಗಳ ಜೋಡಣೆ ಅಲ್ಲಿ ಮಾತ್ರ ಸರಿಯಾಗಿ ಉಳಿಯುತ್ತದೆ.